ಸಂಜೆಯಾದರೆ ಬೆಕ್ಕಿನ ಮರಿ ಕಾಲಿಗೆ ಹಾರುತ್ತದೆ: ಆಡಿಸುವುದು ಹೇಗೆ, ಏನು ಕೊಡಬಹುದು, ಏನು ಕೊಡಬಾರದು?

ಬದಿಯಡ್ಕದ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ತಿಂಗಳಿನ ಹೆಣ್ಣು ಮರಿಯೊಂದಿದೆ, ಹೆಸರು ಸುಬ್ಬಿ. ಹಗಲೆಲ್ಲ ಅಟ್ಟದ ಮೆಟ್ಟಿಲ ಮೇಲೆ ನಿದ್ದೆ. ದೀಪ ಹಚ್ಚುವ ಹೊತ್ತಾಯಿತೋ, ದರ್ಶನ ಬಂದಂತೆ ಚಾವಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಚಾವಡಿಗೆ ಓಟ. ಬಾಗಿಲ ಮರೆಯಲ್ಲಿ ಅಡಗಿದ್ದು, ಅತ್ತೆ ದೇವರ ಕೋಣೆಗೆ ಹೋಗುವಾಗ ಸೀರೆಯ ಅಂಚಿಗೆ ಹಾರಿ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಅತ್ತೆಗೆ ಸಕ್ಕರೆ ಕಾಯಿಲೆ, ಗೀರಿದ ಗಾಯ ಬೇಗ ಒಣಗುವುದಿಲ್ಲ. "ಇದನ್ನು ಕುಂಬಳೆ ಮೀನು ಮಾರುಕಟ್ಟೆಯಲ್ಲಿ ಬಿಟ್ಟು ಬನ್ನಿ" ಎಂಬಲ್ಲಿಗೆ ಮಾತು ಬಂದು ನಿಂತಿದೆ. ನಮ್ಮ ಮನೆಯವರು ಬೆರಳಾಡಿಸಿ ಆಡಿಸುತ್ತಾರೆ, ಮಕ್ಕಳು ಹೂ ಕಟ್ಟುವ ದಾರ ಎಳೆದು ಓಡಿಸುತ್ತಾರೆ. ಎಷ್ಟು ಆಡಿಸಿದರೂ ಅದರ ಹುಚ್ಚು ಇಳಿಯುವುದಿಲ್ಲ. ತಿಳಿದವರು ದಾರಿ ಹೇಳಿ. ಮರಿಯನ್ನು ಬಿಟ್ಟುಬಿಡಿ ಎಂಬ ಸಲಹೆ ಮಾತ್ರ ಬೇಡ, ಅದು ಮನೆಯಲ್ಲೇ ಧಾರಾಳವಾಗಿ ಸಿಗುತ್ತಿದೆ.

ಮುಳ್ಳೇರಿಯಾದವ, ಈಗ ಮಂಗಳೂರು ಫ್ಲಾಟ್
ಲೇಸರ್ ಲೈಟು ತಂದುಕೊಡಿ ಅಕ್ಕಾ. ಜಾತ್ರೆ ಸಂತೆಯಲ್ಲಿ ಕೂಡ ಸಿಗುತ್ತದೆ. ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಗೋಡೆಯ ಮೇಲೆ ಬಿಂದು ಓಡಿಸಿದರೆ ಸಾಕು, ಹತ್ತು ನಿಮಿಷದಲ್ಲಿ ಮರಿ ಸುಸ್ತು. ನಿಮಗೂ ಕೆಲಸ ಕಡಿಮೆ.

ಹಳೆಯ ಇನ್‌ಸ್ಪೆಕ್ಟರ್
ಮೃಗಾಸ್ಪತ್ರೆಯಲ್ಲಿ ಲೈವ್‌ಸ್ಟಾಕ್ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು ನಾನು. ನಾನು ಡಾಕ್ಟರನಲ್ಲ, ಆದರೆ ಬೆಕ್ಕಿನ ಉಗುರು ಕೈಗೆ ಸಾಕಷ್ಟು ಪರಿಚಯವಿದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ತಂಗೀ, ನಿಮ್ಮ ಸುಬ್ಬಿಗೆ ಹುಚ್ಚೇನೂ ಹಿಡಿದಿಲ್ಲ, ಅದು ಬೇಟೆಗೆ ಹೊರಟಿದೆ. ಬೆಕ್ಕು ಚುರುಕಾಗುವುದೇ ಮುಂಜಾವ ಮತ್ತು ಮುಸ್ಸಂಜೆಯಲ್ಲಿ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಿ ಉಳಿಸಿಕೊಂಡ ಶಕ್ತಿಯನ್ನೆಲ್ಲ ಆ ಎರಡು ಹೊತ್ತಿನಲ್ಲಿ ಖರ್ಚು ಮಾಡುತ್ತದೆ. ಮನೆಯೊಳಗೆ ಆ ಹೊತ್ತಿಗೆ ಓಡಾಡುವ ವಸ್ತು ಯಾವುದು? ನಿಮ್ಮ ಅತ್ತೆಯ ಕಾಲು. ಬೇರೆ ಬೇಟೆ ಸಿಗದಿದ್ದರೆ ಅದು ಕಾಲನ್ನೇ ಹಿಡಿಯುತ್ತದೆ.

ಬೇಟೆಗೆ ಒಂದು ಕ್ರಮವಿದೆ. ದಿಟ್ಟಿಸಿ ನೋಡುವುದು, ಹೊಟ್ಟೆ ನೆಲಕ್ಕೆ ತಾಗಿಸಿ ಹತ್ತಿರ ಸರಿಯುವುದು, ಓಡುವುದು, ಹಾರಿ ಹಿಡಿಯುವುದು, ಕಚ್ಚಿ ಹಿಂಗಾಲಿನಿಂದ ಒದೆಯುವುದು, ಕೊನೆಗೆ ತಿನ್ನುವುದು. ನಾವು ಆಡಿಸುವಾಗ ನಡುವಿನ ಓಟವನ್ನು ಮಾತ್ರ ಮಾಡಿಸಿ, ನಮಗೆ ಬೇಸರವಾದ ಕೂಡಲೇ ಎದ್ದು ಹೋಗುತ್ತೇವೆ. ಹಿಡಿದದ್ದೂ ಇಲ್ಲ, ತಿಂದದ್ದೂ ಇಲ್ಲ. ಮೊದಲಿಗಿಂತ ಹೆಚ್ಚು ಕೆರಳಿದ ಮರಿಯನ್ನು ಚಾವಡಿಯಲ್ಲಿ ಬಿಟ್ಟು ಬಂದಿರುತ್ತೇವೆ, ಅಷ್ಟೆ. ಲೇಸರಿನ ದೋಷವೂ ಇದೇ. ಬಿಂದು ಎಂದೂ ಕೈಗೆ ಸಿಗುವುದಿಲ್ಲ. ಕೆಲವು ಬೆಕ್ಕುಗಳು ಆಮೇಲೆ ಗೋಡೆಯ ಮೇಲಿನ ಯಾವ ಬೆಳಕು ನೆರಳನ್ನು ಕಂಡರೂ ಅದರ ಹಿಂದೆ ಬೀಳುವ ಚಟ ಹತ್ತಿಸಿಕೊಳ್ಳುತ್ತವೆ. ಸಂತೆಯ ಲೇಸರಿನ ಶಕ್ತಿ ಎಷ್ಟೆಂದು ಅದರ ಮೇಲೆ ಬರೆದದ್ದನ್ನು ನಂಬುವಂತೆಯೂ ಇಲ್ಲ, ಕಣ್ಣಿಗೆ ನೇರ ಬಿದ್ದರೆ ಬೆಕ್ಕಿಗೂ ಅಪಾಯ, ಮಕ್ಕಳಿಗೂ ಅಪಾಯ.

ಆದ್ದರಿಂದ ದೀಪ ಹಚ್ಚುವುದಕ್ಕೆ ಅರ್ಧ ಗಂಟೆ ಮೊದಲು ಆಡಿಸಿ, ಆಗ ಅತ್ತೆ ಬರುವ ಹೊತ್ತಿಗೆ ಮರಿಯ ಬೇಟೆ ಮುಗಿದಿರುತ್ತದೆ. ಹತ್ತು ನಿಮಿಷ ಸಾಕು. ಕೊನೆಯ ಎರಡು ಮೂರು ಸಲ ಆಟಿಕೆಯನ್ನು ನಿಧಾನ ಮಾಡಿ, ಅದು ಹಿಡಿಯಲಿ, ಕಚ್ಚಲಿ, ಒದೆಯಲಿ. ಕೂಡಲೇ ರಾತ್ರಿಯ ಊಟ ಹಾಕಿ. ತಿಂದು ಮೈ ನೆಕ್ಕಿಕೊಂಡು ಮಲಗುತ್ತದೆ. ಬೆಳಿಗ್ಗೆ ಇನ್ನೊಮ್ಮೆ ಹೀಗೆಯೇ.

ನಿಮ್ಮ ಮನೆಯವರಿಗೆ ಒಂದು ಮಾತು ಹೇಳಿ: ಬೆರಳಾಡಿಸುವುದನ್ನು ಇಂದಿನಿಂದಲೇ ನಿಲ್ಲಿಸಬೇಕು. ಮನುಷ್ಯನ ಚರ್ಮ ಕಚ್ಚುವ ವಸ್ತು ಎಂದು ಮರಿಗೆ ಕಲಿಸಿದವರು ಅವರೇ. ಅದು ಅವರ ಬೆರಳು, ಇದು ಅತ್ತೆಯ ಹಿಮ್ಮಡಿ ಎಂಬ ವ್ಯತ್ಯಾಸ ಅದಕ್ಕೆ ಎಲ್ಲಿಂದ ತಿಳಿಯಬೇಕು?

ಬದಿಯಡ್ಕದ ಸೊಸೆ
ಇನ್‌ಸ್ಪೆಕ್ಟರ್ ಮಾವ, ಕೊನೆಯ ಭಾಗವನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅತ್ತೆಗೆ ಬಹಳ ಸಂತೋಷವಾಯಿತು. ಕಚ್ಚಿ ಹಿಡಿದಿರುವಾಗ ಏನು ಮಾಡಬೇಕು? ಅತ್ತೆ ಕಾಲು ಕೊಡವಿ ಹಿಡಿಸೂಡಿ ತೆಗೆದುಕೊಳ್ಳುತ್ತಾರೆ.

ಹಳೆಯ ಇನ್‌ಸ್ಪೆಕ್ಟರ್
ಕಾಲು ಕೊಡವಿದರೆ ಬೇಟೆ ತಪ್ಪಿಸಿಕೊಳ್ಳುತ್ತಿದೆ ಎಂದು ಇನ್ನಷ್ಟು ಬಲವಾಗಿ ಹಿಡಿಯುತ್ತದೆ. ಅಲುಗಾಡದೆ ನಿಂತುಬಿಡುವುದು ಒಳ್ಳೆಯದು. ಸತ್ತ ಬೇಟೆಯಲ್ಲಿ ಮಜಾ ಇಲ್ಲ, ಬಿಡುತ್ತದೆ. ಬಿಟ್ಟ ಕೂಡಲೇ ಮಾತಾಡದೆ, ಮುಖ ನೋಡದೆ ಅಲ್ಲಿಂದ ಹೋಗಬೇಕು. ಹಿಡಿಸೂಡಿಯಿಂದ ಹೊಡೆದರೆ ಅದು ಕಲಿಯುವುದು ಒಂದೇ, ಅತ್ತೆಯನ್ನು ಕಂಡರೆ ಓಡಬೇಕು ಅಥವಾ ಮೊದಲೇ ಕಚ್ಚಬೇಕು. ಅತ್ತೆಯ ಕೈಯಲ್ಲಿ ಒಂದು ಟೇಬಲ್ ಟೆನ್ನಿಸ್ ಚೆಂಡು ಕೊಟ್ಟು ನೋಡಿ. ದೇವರ ಕೋಣೆಗೆ ಹೋಗುವ ಮುನ್ನ ಅದನ್ನು ಬೇರೆ ದಿಕ್ಕಿಗೆ ಉರುಳಿಸಲಿ. 40 ಮಿಲಿಮೀಟರಿನ ಆ ಚೆಂಡು ಮರಿಯ ಬಾಯಿಯೊಳಗೆ ಹೋಗುವುದಿಲ್ಲ, ಹಗುರ, ಹಳೆಯ ಸಿಮೆಂಟು ನೆಲದಲ್ಲಿ ಚೆನ್ನಾಗಿ ಪುಟಿಯುತ್ತದೆ.

ಚರ್ಮ ಹರಿದರೆ ಮಾತ್ರ ಉದಾಸೀನ ಬೇಡ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ತುಂಬಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದಿನ ಬಗ್ಗೆ ಕೇಳಬೇಕು. ನಾಯಿಗೆ ಮಾತ್ರ ಆ ರೋಗ ಎಂದು ತಿಳಿದವರು ಈಗಲೂ ಇದ್ದಾರೆ, ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕಿನ ಹಲ್ಲು ಸೂಜಿಯಷ್ಟು ಸಪೂರ. ಮೇಲೆ ಚಿಕ್ಕ ತೂತು ಕಂಡರೂ ಒಳಗೆ ಆಳಕ್ಕೆ ರೋಗಾಣು ಹೋಗಿರುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಅದು ಬೇಗ ಕೀವಾಗುತ್ತದೆ. ಸುಬ್ಬಿಗೆ ಮೂರು ತಿಂಗಳಾಯಿತಲ್ಲ, ರೇಬಿಸ್ ಲಸಿಕೆ ಹಾಕಿಸುವ ವಯಸ್ಸೇ ಇದು.

ಮಂಜೇಶ್ವರದ ಹುಡುಗಿ
ಹೂ ಕಟ್ಟುವ ದಾರದ ಬಗ್ಗೆ ಯಾರೂ ಏನೂ ಹೇಳಲಿಲ್ಲ! ಅಕ್ಕಾ, ದಯವಿಟ್ಟು ಅದನ್ನು ಇವತ್ತೇ ಎತ್ತಿಡಿ. ನಮ್ಮ ಪಕ್ಕದ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಮೊರದಿಂದ ಜಾರಿದ ಬೀಡಿ ನೂಲಿನೊಂದಿಗೆ ಆಡುತ್ತಾ ಅವರ ಮರಿ ನೂಲನ್ನು ನುಂಗಿತು. ಮೊದಲ ದಿನ ಗೊತ್ತಾಗಲಿಲ್ಲ. ಆಮೇಲೆ ಊಟ ಬಿಟ್ಟಿತು, ವಾಂತಿ ಮಾಡತೊಡಗಿತು, ಮೂಲೆಯಲ್ಲಿ ಮುದುಡಿ ಕುಳಿತಿತು. ಮಂಗಳೂರಿಗೆ ಒಯ್ದು ಹೊಟ್ಟೆ ಕೊಯ್ಯಿಸಬೇಕಾಯಿತು. ಬದುಕಿತು, ಆದರೆ ಆ ಮನೆಯವರ ಎಷ್ಟೋ ವಾರಗಳ ಬೀಡಿಯ ಮಜೂರಿ ಅದಕ್ಕೇ ಹೋಯಿತು.

ಹಳೆಯ ಇನ್‌ಸ್ಪೆಕ್ಟರ್
ಈ ಹುಡುಗಿ ಹೇಳಿದ್ದನ್ನು ಎರಡು ಸಲ ಓದಿ. ಬೆಕ್ಕಿನ ನಾಲಗೆಯ ಮೇಲೆ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ದಾರ ಒಮ್ಮೆ ಅದಕ್ಕೆ ಸಿಕ್ಕಿತೆಂದರೆ ಉಗುಳುವುದು ಕಷ್ಟ, ಒಳಗೇ ಹೋಗುತ್ತದೆ. ಒಂದು ತುದಿ ನಾಲಗೆಯ ಬುಡಕ್ಕೋ ಜಠರದ ಬಾಯಿಗೋ ಸಿಕ್ಕಿಕೊಂಡರೆ ಉಳಿದದ್ದು ಕರುಳಿನಲ್ಲಿ ಮುಂದಕ್ಕೆ ಸಾಗುತ್ತದೆ. ಕರುಳು ದಾರವನ್ನು ಮುಂದೆ ತಳ್ಳಲು ಪ್ರಯತ್ನಿಸುತ್ತಾ ತಾನೇ ನೆರಿಗೆ ನೆರಿಗೆಯಾಗಿ ದಾರದ ಮೇಲೆ ಸೇರಿಕೊಳ್ಳುತ್ತದೆ. ಕೊನೆಗೆ ದಾರ ಕರುಳನ್ನೇ ಕೊಯ್ಯುತ್ತದೆ. ಬಾಯಿಯಲ್ಲೋ ಗುದದಲ್ಲೋ ದಾರದ ತುದಿ ಕಂಡರೆ ಎಳೆಯಲೇಬಾರದು. ಎಣ್ಣೆ ಕುಡಿಸುವುದು, ಬಾಳೆಹಣ್ಣು ತಿನ್ನಿಸುವುದು ಬೇಡ. ಹಾಗೆಯೇ ಎತ್ತಿಕೊಂಡು ಆಸ್ಪತ್ರೆಗೆ ಓಡಿ.

ನಮ್ಮ ಕಡೆಯ ಮನೆಗಳಲ್ಲಿ ದಾರದ ಜಾತಿಯವು ಎಷ್ಟೆಂದು ನೋಡಿ: ಹೂವಿನ ಬಾಳೆನಾರು, ಬೀಡಿ ನೂಲು, ಹೊಲಿಗೆಯ ನೂಲು (ಸೂಜಿ ಸಮೇತ), ಅಕ್ಕಿ ಚೀಲದ ಬಾಯಿಯಿಂದ ಬಿಚ್ಚಿದ ದಾರ, ಹೆಣ್ಣುಮಕ್ಕಳ ಕೂದಲಿನ ರಬ್ಬರ್ ಬ್ಯಾಂಡ್, ಉಡುಗೊರೆಯ ರಿಬ್ಬನ್. ಇವೆಲ್ಲ ಮುಚ್ಚಳವಿರುವ ಡಬ್ಬಿಯಲ್ಲಿರಲಿ. ಬೀಡಿ ಕಟ್ಟುವ ಮನೆಗಳಲ್ಲಿ ಹೊಗೆಸೊಪ್ಪೂ ಮರಿಗೆ ವಿಷ ಎಂಬುದು ನೆನಪಿರಲಿ.

ಉಪ್ಪಳದ ಕಡಲು
ಆ ಪಟ್ಟಿಗೆ ನಮ್ಮದನ್ನೂ ಸೇರಿಸಿ: ಬಲೆಯ ನೈಲಾನ್ ದಾರ, ಗಾಳ. ಮೀನಿನ ವಾಸನೆ ಹಿಡಿದ ದಾರವನ್ನು ಬೆಕ್ಕು ಆಟಕ್ಕಲ್ಲ, ಊಟಕ್ಕೆಂದೇ ನುಂಗುತ್ತದೆ. ಬಲೆ ಹೆಣೆಯುವಾಗ ಕತ್ತರಿಸಿದ ತುಂಡುಗಳನ್ನು ಅಲ್ಲಲ್ಲಿಯೇ ಬಿಡುವ ಅಭ್ಯಾಸ ನಮ್ಮವರಲ್ಲಿ ಬಹಳ.

ಪೆರ್ಲ ತೋಟದವ
ಎಲ್ಲ ಓದಿದೆ. ನನಗೆ ಒಂದು ಅರ್ಥವಾಗುವುದಿಲ್ಲ. ಬೆಕ್ಕನ್ನು ಆಡಿಸುವುದು ಯಾವ ಕಾಲದ ಪದ್ಧತಿ? ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಬೆಕ್ಕು ಇದೆ. ಅಡಿಕೆ ಅಟ್ಟದಲ್ಲಿ ಇಲಿ ಹಿಡಿಯುವುದು ಅದರ ಕೆಲಸ, ಒಂದು ಹಿಡಿ ಮೊಸರನ್ನ ಹಾಕುವುದು ನಮ್ಮ ಕೆಲಸ. ಹೊಟ್ಟೆ ತುಂಬ ತಿಂದು ಚೆಂಡಾಟವಾಡಿದ ಬೆಕ್ಕು ಇಲಿ ಹಿಡಿಯುವುದುಂಟೇ?

ಹಳೆಯ ಇನ್‌ಸ್ಪೆಕ್ಟರ್
ತೋಟದ ಭಾವನ ಪ್ರಶ್ನೆ ನ್ಯಾಯವಾದದ್ದು, ಉತ್ತರ ಅವರಿಗೆ ಅರ್ಧ ಮಾತ್ರ ಹಿಡಿಸೀತು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ, ಹಸಿವೆಯೂ ಬೇಟೆಯ ಚಪಲವೂ ಒಂದೇ ಅಲ್ಲ. ಬರಿಯ ಮೊಸರನ್ನದಲ್ಲಿ ಬೆಕ್ಕು ಆರೋಗ್ಯವಾಗಿ ಬದುಕುವುದೂ ಇಲ್ಲ. ಟಾರಿನ್ ಎಂಬ ಅಂಶವನ್ನು ಅದರ ದೇಹ ಬೇಕಾದಷ್ಟು ತಯಾರಿಸುವುದಿಲ್ಲ, ಮಾಂಸ ಮೀನಿನಿಂದಲೇ ಬರಬೇಕು. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ನಿಮ್ಮ ಬೆಕ್ಕು ಇಷ್ಟು ಕಾಲ ಬದುಕಿದ್ದು ಇಲಿಯಿಂದ, ಮೊಸರನ್ನದಿಂದಲ್ಲ.

ಇನ್ನು ಆಟದ ವಿಷಯ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 219 ಮನೆಗಳ 355 ಬೆಕ್ಕುಗಳನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದಿನಕ್ಕೆ ಐದರಿಂದ ಹತ್ತು ನಿಮಿಷ ಆಡಿಸಿದ ಮನೆಗಳಲ್ಲಿ ಬೆಕ್ಕು ಕೊಂದು ಮನೆಗೆ ತರುವ ಪ್ರಾಣಿಗಳ ಸಂಖ್ಯೆ ಶೇಕಡಾ 25ರಷ್ಟು ಇಳಿಯಿತು. ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟಲ್ಲಿ ಶೇಕಡಾ 36ರಷ್ಟು ಇಳಿಯಿತು. ಕುತ್ತಿಗೆಗೆ ಗಂಟೆ ಕಟ್ಟಿದ್ದರಿಂದ ವ್ಯತ್ಯಾಸ ಕಾಣಲಿಲ್ಲ.

ಪೆರ್ಲ ತೋಟದವ
ಅಂದರೆ ನಾನು ಹೇಳಿದ್ದೇ ಸರಿಯಾಯಿತು. ಆಡಿಸಿದರೆ ನಾಲ್ಕರಲ್ಲಿ ಒಂದು ಇಲಿ ನನ್ನ ಅಟ್ಟದಲ್ಲೇ ಉಳಿಯುತ್ತದೆ.

ಕುಂಬಳೆಯ ಮಾಸ್ತರ್
ಭಾವಯ್ಯ, ಆ ಲೆಕ್ಕದಲ್ಲಿ ಇಲಿ ಮಾತ್ರವಲ್ಲ, ಬೇರೆ ಸಣ್ಣ ಪ್ರಾಣಿಗಳೂ ಇವೆ. ನಮ್ಮ ಹಿತ್ತಿಲಿಗೆ ಬರುವ ಅಳಿಲುಗಳನ್ನು ಹಿಡಿಯುವ ಬೆಕ್ಕು ನನಗೆ ಬೇಡ, ಹಾಗಾಗಿ ನಾನು ಆಡಿಸುತ್ತೇನೆ. ನಿಮಗೆ ಇಲಿ ಹಿಡಿಯುವ ಬೆಕ್ಕು ಬೇಕು, ನೀವು ಆಡಿಸಬೇಡಿ. ಬದಿಯಡ್ಕದ ಸೊಸೆಗೆ ಅತ್ತೆಯ ಕಾಲು ಉಳಿಯಬೇಕು. ಒಂದೇ ನಿಯಮ ಎಲ್ಲ ಮನೆಗೂ ಯಾಕೆ? ಒಂದು ಮಾತ್ರ ಎಲ್ಲರಿಗೂ ಅನ್ವಯಿಸುತ್ತದೆ. ಸತ್ತ ಇಲಿಯನ್ನು ಬೆಕ್ಕಿನೊಂದಿಗೆ ಮಕ್ಕಳೂ ಆಡಿಸುವುದನ್ನು ನೋಡಿದ್ದೇನೆ. ಮಳೆಗಾಲದಲ್ಲಿ ಇಲಿಜ್ವರ ನಮ್ಮ ಕೇರಳದಲ್ಲಿ ಎಷ್ಟು ಜೀವ ತೆಗೆಯುತ್ತದೆ ಎಂಬುದು ಗೊತ್ತಿದ್ದೂ ಇದು ನಡೆಯುತ್ತದೆ. ಇಲಿ ಪಾಷಾಣ ಇಟ್ಟ ಮನೆಯಲ್ಲಂತೂ ಬೆಕ್ಕಿನ ಬಾಯಿಗೆ ಇಲಿ ಸಿಗಲೇಬಾರದು, ವಿಷ ಬೆಕ್ಕಿಗೂ ಏರುತ್ತದೆ.

ಬದಿಯಡ್ಕದ ಸೊಸೆ
ದಾರವೆಲ್ಲ ಡಬ್ಬಿ ಸೇರಿತು. ಈಗ ಯಾವುದರಿಂದ ಆಡಿಸಲಿ? ಅಂಗಡಿಯಿಂದ ತಂದ ಗರಿ ಕಟ್ಟಿದ ಕೋಲು ಒಂದೇ ಸಂಜೆಯಲ್ಲಿ ಬೋಳಾಯಿತು, ಗರಿ ಅರ್ಧ ಅದರ ಹೊಟ್ಟೆಯಲ್ಲಿ.

ಕುಂಬಳೆಯ ಮಾಸ್ತರ್
ದುಡ್ಡು ಕೊಟ್ಟು ತರಬೇಡಿ ಮಗಳೇ. ಮೊಳಕ್ಕಿಂತ ಉದ್ದದ, ತುದಿ ಚೂಪಿಲ್ಲದ ಬಿದಿರಿನ ಕೋಲು ತೆಗೆದುಕೊಳ್ಳಿ. ತೆಂಗಿನ ಕಡ್ಡಿ ಬೇಡ, ಕಣ್ಣಿಗೆ ಚುಚ್ಚುತ್ತದೆ. ಹಳೆಯ ಬೈರಾಸಿನಿಂದ (ಮೈ ಒರೆಸುವ ಬಟ್ಟೆಯಿಂದ) ಎರಡು ಬೆರಳು ಅಗಲದ ಪಟ್ಟಿ ಹರಿದು, ಅಂಚು ಮಡಚಿ ಹೊಲಿದು, ತುದಿಗೆ ದಪ್ಪ ಗಂಟು ಹಾಕಿ ಕೋಲಿಗೆ ಬಿಗಿಯಾಗಿ ಕಟ್ಟಿ. ಅಂಚು ಹೊಲಿಯದಿದ್ದರೆ ನೂಲು ಕಿತ್ತು ಬರುತ್ತದೆ, ಆಗ ಪುನಃ ಅದೇ ದಾರದ ಕಥೆ. ಆಟ ಮುಗಿದ ಮೇಲೆ ಕಪಾಟಿನೊಳಗೆ ಇಡಬೇಕು. ದಿನವಿಡೀ ಎದುರಿಗೇ ಬಿದ್ದಿರುವ ಆಟಿಕೆಯಲ್ಲಿ ಬೆಕ್ಕಿಗೆ ಆಸಕ್ತಿ ಉಳಿಯುವುದೂ ಇಲ್ಲ.

ಆಡಿಸುವುದರಲ್ಲಿ ಒಂದು ಕೈಗುಣ ಬೇಕು. ಹೆಚ್ಚಿನವರು ಬಟ್ಟೆಯನ್ನು ಮೂತಿಯ ಎದುರು ತಂದು ಅಲ್ಲಾಡಿಸುತ್ತಾರೆ. ಯಾವ ಇಲಿ ತಾನಾಗಿ ಬೆಕ್ಕಿನ ಬಾಯಿಗೆ ಬರುತ್ತದೆ? ಅದರಿಂದ ದೂರಕ್ಕೆ ಸರಿಯಬೇಕು, ಮಂಚದ ಕಾಲಿನ ಹಿಂದೆ ಅರ್ಧ ಮರೆಯಾಗಬೇಕು, ನಿಲ್ಲಬೇಕು, ಸ್ವಲ್ಪ ನಡುಗಬೇಕು. ಆ ನಿಲ್ಲುವ ಕ್ಷಣದಲ್ಲೇ ಬೆಕ್ಕಿನ ಹಿಂಭಾಗ ಅಲುಗಾಡಲು ಸುರುವಾಗುವುದು. ಬೆಕ್ಕಿಗೆ ತೀರ ಹತ್ತಿರದ್ದು ಸ್ಪಷ್ಟವಾಗಿ ಕಾಣುವುದಿಲ್ಲ, ಒಂದಡಿಗಿಂತ ಈಚೆಗೆ ಬಂದರೆ ಮಸುಕು. ಕೆಂಪು ಬಣ್ಣವೂ ಅದಕ್ಕೆ ಮಂಕು, ನೀಲಿ ಹಳದಿಯ ಬೈರಾಸು ಇದ್ದರೆ ಒಳ್ಳೆಯದು. ನನ್ನ ಹೆಂಡತಿ ಹೇಳುವ ಪ್ರಕಾರ ನಾನು ತರಗತಿಯಲ್ಲಿ ಪಾಠಕ್ಕೆ ಇಷ್ಟು ತಯಾರಿ ಮಾಡಿಕೊಂಡವನಲ್ಲ.

ಪೆರ್ಲ ತೋಟದವ
ಆಟಿಕೆಯೇ ಬೇಕಾದರೆ ಅಡಿಕೆ ಹಾಳೆ ಇದೆಯಲ್ಲ. ಒಣಗಿದ ಹಾಳೆ ತಾನಾಗಿ ಸುರುಳಿಯಾಗುತ್ತದೆ. ಅಂಗಳದಲ್ಲಿ ಬಿದ್ದಿದ್ದರೆ ನಮ್ಮ ಬೆಕ್ಕು ಅದರೊಳಗೆ ನುಗ್ಗಿ ಆ ಕಡೆಯಿಂದ ಹೊರಬರುತ್ತದೆ. ನಾನು ಆಡಿಸಿದ್ದಲ್ಲ, ಅದೇ ಆಡುವುದು.

ಮುಳ್ಳೇರಿಯಾದವ, ಈಗ ಮಂಗಳೂರು ಫ್ಲಾಟ್
ತೋಟದ ಮಾವ ದಾರಿಗೆ ಬಂದರು! ಫ್ಲಾಟಿನಲ್ಲಿ ಹಾಳೆ ಎಲ್ಲಿಂದ ತರಲಿ, ನಮಗೆ ರಟ್ಟಿನ ಪೆಟ್ಟಿಗೆಯೇ ಗತಿ. ಮಿಕ್ಸಿ ಬಂದ ಪೆಟ್ಟಿಗೆಗೆ ಎರಡು ಬಾಗಿಲು ಕೊರೆದು, ಅಂಟು ಪಟ್ಟಿ ಮತ್ತು ಪಿನ್ನುಗಳನ್ನೆಲ್ಲ ಕಿತ್ತು ಇಟ್ಟಿದ್ದೇನೆ. ಪ್ಲಾಸ್ಟಿಕ್ ಚೀಲದ ಬಗ್ಗೆ ಜಾಗ್ರತೆ. ಹಿಡಿಕೆ ಕುತ್ತಿಗೆಗೆ ಸಿಕ್ಕಿ, ಚೀಲ ಬೆನ್ನಟ್ಟುತ್ತಿದೆ ಎಂದು ಹೆದರಿ ಓಡುವ ಬೆಕ್ಕನ್ನು ಹಿಡಿಯುವುದು ಯಾರಿಂದಲೂ ಆಗದ ಕೆಲಸ. ಕಾಗದದ ಚೀಲವಾದರೂ ಹಿಡಿಕೆ ಕತ್ತರಿಸಿಯೇ ಕೊಡಬೇಕು. ಮತ್ತೆ ಲೇಸರಿನ ಮಾತು, ಇನ್‌ಸ್ಪೆಕ್ಟರ್ ಮಾವ. ಕೊನೆಗೆ ಬಿಂದುವನ್ನು ಒಂದು ತಿಂಡಿಯ ಮೇಲೆ ತಂದು ನಿಲ್ಲಿಸಿದರೆ ಹಿಡಿದ ತೃಪ್ತಿ ಸಿಗುವುದಿಲ್ಲವೇ?

ಹಳೆಯ ಇನ್‌ಸ್ಪೆಕ್ಟರ್
ಸಿಗುತ್ತದೆ, ಏನೂ ಇಲ್ಲದ್ದಕ್ಕಿಂತ ವಾಸಿ. ನೆಲದ ಮೇಲೆ ಮಾತ್ರ, ಕನ್ನಡಿ ಸ್ಟೀಲ್ ಪಾತ್ರೆಗಳಿಂದ ದೂರ, ಕಣ್ಣಿಗೆ ತಾಗದಂತೆ, ಮಕ್ಕಳ ಕೈಗೆ ಕೊಡದೆ. ಇಷ್ಟು ನಿಯಮ ಪಾಲಿಸುವ ಬದಲು ಬೈರಾಸಿನ ಕೋಲೇ ಸುಲಭವಲ್ಲವೇ ಎಂದು ನನ್ನ ಅಭಿಪ್ರಾಯ.

ತೋಟದ ಭಾವನಿಗೆ ಒಂದು ಸೂಚನೆ. ಅಂಗಳದಲ್ಲಿ ಒಣ ಹಾಕಿದ ಸಿಪ್ಪೆಯ ಅಡಿಕೆಯನ್ನು ಬೆಕ್ಕು ಉರುಳಿಸಿದರೆ ಚಿಂತೆಯಿಲ್ಲ, ನಿಮ್ಮ ಅಡಿಕೆ ತೋಡಿಗೆ ಹೋದೀತು ಅಷ್ಟೆ. ಸುಲಿದ ಅಡಿಕೆಯನ್ನು ಕಚ್ಚಲು ಬಿಡಬೇಡಿ. ಅದರಲ್ಲಿರುವ ಅರೆಕೋಲಿನ್ ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳುವಿಗೆ ಮದ್ದಾಗಿತ್ತು, ಬೆಕ್ಕಿಗೆ ಅದು ಹಿಡಿಸುವುದಿಲ್ಲ.

ಮಂಜೇಶ್ವರದ ಹುಡುಗಿ
ಹಾಳೆಯ ಮೇಲೆ ಕೂರಿಸಿ ಎಳೆಯುವ ಆಟ ನಮ್ಮ ತಮ್ಮನದು. ಬೆಕ್ಕು ತಾನಾಗಿ ಬಂದು ಕುಳಿತರೆ ಮಾತ್ರ ಎಳೆಯಬೇಕು, ಹಿಡಿದು ಕೂರಿಸುವಂತಿಲ್ಲ ಎಂಬ ನಿಯಮ ಮಾಡಿದ್ದೇವೆ. ಅದು ವಾರಕ್ಕೊಮ್ಮೆ ಬಂದು ಕೂರುತ್ತದೆ, ಉಳಿದ ದಿನ ತಮ್ಮ ಹಾಳೆ ಹಿಡಿದು ಕಾಯುತ್ತಾನೆ. ಮಾಸ್ತರರೇ, ಬೆಕ್ಕಿಗೆ ಅಮಲೇರಿಸುವ ಗಿಡವೊಂದನ್ನು ಮೊಬೈಲಿನಲ್ಲಿ ನೋಡಿದೆ, ನಮ್ಮಲ್ಲಿ ಸಿಗುತ್ತದೆಯೇ?

ಕುಂಬಳೆಯ ಮಾಸ್ತರ್
ನೀವು ನೋಡಿದ್ದು ಕ್ಯಾಟ್‌ನಿಪ್, ಪುದೀನದ ಕುಟುಂಬದ ಗಿಡ. ಎಲ್ಲ ಬೆಕ್ಕುಗಳಿಗೂ ಅದು ಏರುವುದಿಲ್ಲ, ಅದು ವಂಶದಿಂದ ಬರುವ ಗುಣ. ಎಳೆಯ ಮರಿಗಳಿಗಂತೂ ಏನೂ ಆಗುವುದಿಲ್ಲ. ನಮ್ಮ ಬೇಲಿ ಬದಿಯ ಕುಪ್ಪಿಗಿಡ ಗೊತ್ತಲ್ಲ? ಅದರ ಬೇರನ್ನು ಕಿತ್ತರೆ ಬೆಕ್ಕು ಬಂದು ಮೂಸಿ, ತಲೆ ಉಜ್ಜಿ, ಹೊರಳಾಡುತ್ತದೆ.

ಹಳೆಯ ಇನ್‌ಸ್ಪೆಕ್ಟರ್
ಹೌದು, ಆದರೆ ಮೂಸಲಿಕ್ಕೆ ಮಾತ್ರ. ಕುಪ್ಪಿಗಿಡದಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ತಿನ್ನಲು ಬಿಡಬಾರದು. ಹಿತ್ತಿಲಿನ ಗೌರಿಹೂವಿನ ಬಳ್ಳಿ, ಅಂದರೆ ಅಗ್ನಿಶಿಖೆ, ಅದರ ಗಡ್ಡೆ ಮಹಾವಿಷ. ಹೂದಾನಿಯ ಲಿಲ್ಲಿ ಬೆಕ್ಕಿನ ಮೂತ್ರಪಿಂಡವನ್ನೇ ಕೆಡಿಸುತ್ತದೆ, ಪರಾಗ ಮೈಗೆ ಅಂಟಿ ಅದನ್ನು ನೆಕ್ಕಿದರೂ ಸಾಕು. ಮದುವೆ ಮನೆಯಿಂದ ಹೂಗುಚ್ಛ ತರುವವರು ನೋಡಿಕೊಳ್ಳಿ.

ಉಪ್ಪಳದ ಕಡಲು
ಬೆಕ್ಕು ಊಟ ಮಾಡುವಾಗ ಹಿಂದಿನಿಂದ ಸೌತೆಕಾಯಿ ಇಟ್ಟು ಹೆದರಿಸುವ ವೀಡಿಯೊಗಳು ಬರುತ್ತವೆಯಲ್ಲ, ಅದನ್ನು ನಮ್ಮ ಹುಡುಗರು ಮಾಡಲು ಹೋದರು. ಅಟ್ಟದಿಂದ ಕಟ್ಟಿ ತೂಗಿಸಿದ ಸೌತೆಕಾಯಿಗಳ ಅಡಿಯಲ್ಲೇ ಹುಟ್ಟಿ ಬೆಳೆದ ಬೆಕ್ಕು, ತಿರುಗಿಯೂ ನೋಡಲಿಲ್ಲ. ಹುಡುಗರಿಗೆ ಭಾರಿ ನಿರಾಶೆ.

ಹಳೆಯ ಇನ್‌ಸ್ಪೆಕ್ಟರ್
ಆ ಬೆಕ್ಕಿಗೆ ನನ್ನ ಅಭಿನಂದನೆ. ಬೇರೆ ಬೆಕ್ಕಾದರೆ ಹೆದರಿ ಹಾರಿ ಕಾಲು ಮುರಿದುಕೊಳ್ಳಬಹುದು, ಅಥವಾ ಆ ಜಾಗದಲ್ಲಿ ಊಟವನ್ನೇ ಬಿಡಬಹುದು. ಹೆದರಿಸಿ ನಗುವುದು ಆಟವಲ್ಲ.

ಮಕ್ಕಳಿಗೆ ಕಲಿಸಬೇಕಾದದ್ದು ಬೆಕ್ಕಿನ ಮೈ ಓದುವುದನ್ನು. ಬಾಲ ಚಾಟಿ ಬೀಸಿದ ಹಾಗೆ ಅತ್ತಿತ್ತ ಹೊಡೆಯುವುದು, ಕಿವಿ ಪಕ್ಕಕ್ಕೆ ಮಲಗುವುದು, ಬೆನ್ನಿನ ಚರ್ಮ ಅಲೆಯಲೆಯಾಗಿ ಕಂಪಿಸುವುದು, ಇವು ಕಂಡರೆ ಆಟ ನಿಲ್ಲಬೇಕು. ಮಲಗಿ ಹೊಟ್ಟೆ ತೋರಿಸಿತೆಂದು ಹೊಟ್ಟೆಗೆ ಕೈ ಹಾಕಬಾರದು. ಆ ಭಂಗಿಯಲ್ಲಿ ನಾಲ್ಕೂ ಕಾಲಿನ ಉಗುರು ತಯಾರಾಗಿರುತ್ತವೆ. ಬಾಯಿ ತೆರೆದು ನಾಯಿಯ ಹಾಗೆ ಏದುಸಿರು ಬಿಟ್ಟರೆ ಆಟವನ್ನು ಅಲ್ಲಿಗೇ ನಿಲ್ಲಿಸಿ ತಂಪಿನಲ್ಲಿ ಬಿಡಿ. ಬೆಕ್ಕಿನಲ್ಲಿ ಅದು ಸಹಜವಲ್ಲ. ಸ್ವಲ್ಪ ಹೊತ್ತಿನಲ್ಲಿ ಸರಿಹೋಗದಿದ್ದರೆ, ಅಥವಾ ಪದೇ ಪದೇ ಆದರೆ ಡಾಕ್ಟರಿಗೆ ತೋರಿಸಬೇಕು. ವಿಷುವಿನ ಸಮಯದ ಸೆಕೆಯಲ್ಲಿ ಮಧ್ಯಾಹ್ನ ಆಡಿಸುವುದೇ ಬೇಡ.

ಪೆರ್ಲ ತೋಟದವ
ಬಾವಿಯ ಬಗ್ಗೆಯೂ ಬರೆಯಿರಿ. ನಮ್ಮ ಊರಿನಲ್ಲಿ ಕಟ್ಟೆ ಇಲ್ಲದ ಹಳೆಯ ಬಾವಿಗಳು, ನೀರಿಗಾಗಿ ಕೊರೆದು ಬಾಯಿ ತೆರೆದಿರುವ ಸುರಂಗಗಳು ಎಷ್ಟಿಲ್ಲ? ಚಿಟ್ಟೆಯ ಹಿಂದೆ ಓಡಿದ ಮರಿ ಬಾವಿಗೆ ಬಿದ್ದದ್ದನ್ನು ಬುಟ್ಟಿ ಇಳಿಸಿ ತೆಗೆದಿದ್ದೇವೆ. ಚೆಂಡಾಟವೆಲ್ಲ ಚಾವಡಿಯೊಳಗೆ ಇರಲಿ. ಮಳೆ ಸುರುವಾದ ಮೇಲೆ ಮುಸ್ಸಂಜೆಗೆ ತೋಟದ ಕಡೆ ಬಿಡಲೇಬಾರದು, ಕೊಳಕುಮಂಡಲದ ಎದುರು ಕೈಯೆತ್ತಿ ಆಡಿದ ಬೆಕ್ಕುಗಳು ಮನೆಗೆ ಬರುವುದಿಲ್ಲ.

ಕುಂಬಳೆಯ ಮಾಸ್ತರ್
ಆಡಿಸುವುದು ಯಾವ ಕಾಲದ ಪದ್ಧತಿ ಎಂದವರು ಈಗ ಚೆಂಡಾಟದ ಜಾಗ ಗುರುತಿಸುತ್ತಿದ್ದಾರೆ.

ಪೆರ್ಲ ತೋಟದವ
ಮೊಮ್ಮಗಳು ರಜೆಗೆ ಬಂದಿದ್ದಾಳೆ ಮಾಸ್ತರರೇ. ಹೆಚ್ಚು ಕೇಳಬೇಡಿ.

ಬದಿಯಡ್ಕದ ಸೊಸೆ
ಬೈರಾಸಿನ ಕೋಲು ತಯಾರಾಗಿದೆ. ಒಂದು ಸಂಶಯ: ಮರಿ ಒಂದೇ ಇರುವುದರಿಂದ ಹೀಗಾಗುತ್ತದೆಯೇ, ಇನ್ನೊಂದು ಮರಿ ತಂದರೆ ಸರಿಯಾಗುತ್ತದೆಯೇ ಎಂದು ಮಕ್ಕಳು ಕೇಳುತ್ತಿದ್ದಾರೆ. ಅತ್ತೆಗೆ ಇನ್ನೂ ಈ ಮಾತು ತಲುಪಿಲ್ಲ.

ಹಳೆಯ ಇನ್‌ಸ್ಪೆಕ್ಟರ್
ಮಕ್ಕಳ ಊಹೆಯಲ್ಲಿ ಸತ್ಯವಿದೆ. ಒಡಹುಟ್ಟಿದವುಗಳ ಜೊತೆ ಆಡುವಾಗ ಗಟ್ಟಿಯಾಗಿ ಕಚ್ಚಿದರೆ ಇನ್ನೊಂದು ತಿರುಗಿ ಕಚ್ಚುತ್ತದೆ, ಇಲ್ಲವೇ ಆಟ ಬಿಟ್ಟು ಹೋಗುತ್ತದೆ. ಎಷ್ಟು ಕಚ್ಚಬಹುದೆಂಬ ಅಳತೆ ಮರಿಗೆ ಸಿಗುವುದು ಅಲ್ಲಿಂದ. ತಾಯಿಯಿಂದ ಬೇಗ ಬೇರ್ಪಡಿಸಿದ ಒಂಟಿ ಮರಿಗೆ ಆ ಪಾಠ ತಪ್ಪಿರುತ್ತದೆ. ಆದ್ದರಿಂದ ಎಂಟು ವಾರಕ್ಕಿಂತ ಮೊದಲು ಮರಿಯನ್ನು ತರಲೇಬಾರದು. ಅದೇ ಪ್ರಾಯದ ಇನ್ನೊಂದು ಮರಿ ಬಂದರೆ ಅತ್ತೆಯ ಕಾಲಿಗೆ ಬೀಳುವ ಹಲ್ಲು ಬಹುಪಾಲು ಅದರ ಕಿವಿಗೆ ಬೀಳುತ್ತದೆ. ತರುವುದಾದರೆ ಮೊದಲು ಬೇರೆ ಕೋಣೆಯಲ್ಲಿಟ್ಟು, ಎರಡಕ್ಕೂ ವಾಸನೆ ಪರಿಚಯ ಮಾಡಿಸಿ, ಆಮೇಲೆ ಮುಖಾಮುಖಿ ಮಾಡಿ. ಎರಡಕ್ಕೂ ಸಂತಾನಹರಣ ಚಿಕಿತ್ಸೆಯ ದಿನವನ್ನು ಮೃಗಾಸ್ಪತ್ರೆಯಲ್ಲಿ ಈಗಲೇ ಕೇಳಿಡಿ. ಇಲ್ಲದಿದ್ದರೆ ಮುಂದಿನ ವರ್ಷ ನೀವು ಇಲ್ಲಿ ಬೇರೆ ಪ್ರಶ್ನೆ ಕೇಳುತ್ತೀರಿ. ಅತ್ತೆಗೆ ಹೇಳುವ ಕೆಲಸ ನಿಮ್ಮ ಮನೆಯವರದು.

ಮುಳ್ಳೇರಿಯಾದವ, ಈಗ ಮಂಗಳೂರು ಫ್ಲಾಟ್
ನನ್ನದು ತಿರುಗುಮುರುಗು ಸಮಸ್ಯೆ. ಅಮ್ಮನ ಹಳೆಯ ಬೆಕ್ಕನ್ನು ಊರಿನಿಂದ ತಂದಿದ್ದೇನೆ, ಹದಿಮೂರು ವರ್ಷ ದಾಟಿದೆ. ಏನು ಎಳೆದರೂ ಮಲಗಿದಲ್ಲೇ ಕಣ್ಣಲ್ಲಿ ನೋಡುತ್ತದೆ. ವಯಸ್ಸಾದವಕ್ಕೆ ಆಟ ಬೇಡವೇ?

ಹಳೆಯ ಇನ್‌ಸ್ಪೆಕ್ಟರ್
ಕಣ್ಣಲ್ಲಿ ನೋಡುವುದೂ ಆಟವೇ, ಬೇಟೆಯ ಮೊದಲ ಭಾಗ ಅದು. ನೆಲದ ಮೇಲೆ ನಿಧಾನವಾಗಿ, ಅದರ ಮುಂಗೈಗೆ ಎಟಕುವಷ್ಟು ದೂರದಲ್ಲಿ ಬಟ್ಟೆ ಸರಿಸಿ. ಎರಡು ಸಲ ಕೈ ಚಾಚಿದರೆ ಅಂದಿಗೆ ಸಾಕು. ಹಾರಿಸಬೇಡಿ, ಆ ವಯಸ್ಸಿನಲ್ಲಿ ಸಂಧಿವಾತ ಸಾಮಾನ್ಯ, ಫ್ಲಾಟಿನ ನುಣುಪು ಟೈಲ್ಸ್ ಮೇಲೆ ಕಾಲು ಜಾರುತ್ತದೆ. ಒಂದು ಗೋಣಿ ಚೀಲ ಹಾಸಿ ಅದರ ಮೇಲೆ ಆಡಿಸಿ. ಮೊದಲು ಕಿಟಕಿಗೆ ಹಾರುತ್ತಿದ್ದದ್ದು ಈಗ ಹಾರುವುದಿಲ್ಲ, ಮೆಟ್ಟಿಲಲ್ಲಿ ಅಳೆದು ಸುರಿದು ಇಳಿಯುತ್ತದೆ ಎಂದಾದರೆ ನೋವು ಇದೆಯೆಂದೇ ತಿಳಿದು ಡಾಕ್ಟರಿಗೆ ತೋರಿಸಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ಪ್ಯಾರಾಸಿಟಮಾಲ್‌ನ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಮುಳ್ಳೇರಿಯಾದವ, ಈಗ ಮಂಗಳೂರು ಫ್ಲಾಟ್
ಗೋಣಿ ಚೀಲ ಹಾಸಿದೆ. ಸದ್ಯಕ್ಕೆ ಅದರ ಮೇಲೆ ಮಲಗಿದೆ. ಕಿಟಕಿಯ ವಿಷಯ ನೀವು ಹೇಳಿದಂತೆಯೇ ಇದೆ, ಸೋಮವಾರ ಡಾಕ್ಟರಲ್ಲಿಗೆ ಕರೆದೊಯ್ಯುತ್ತೇನೆ.